ಮಕ್ಕಳ ಕಥೆಗಳಲ್ಲಿ ತಂದೆ ಮತ್ತು ಗಂಡಸುತನ



ನಮ್ಮ ಬಸವಕಲ್ಯಾಣ ಹಾಗೂ ಹುಮನಾಬಾದ್ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿದವು. ಹೈದರಾಬಾದ್ ಸಂಸ್ಥಾನದಲ್ಲಿ ಆಡಳಿತದ ಭಾಷೆ ಉರ್ದು. ಹೀಗಾಗಿ ಉರ್ದು ಕಥೆಗಳು ನಮಗೆ ಹೊರಗಿನವಲ್ಲ. ಆ ಕಥೆಗಳಲ್ಲಿ ತಂದೆ ಹೇಗಿದ್ದಾನೆ, ಗಂಡಸುತನವೆಂದರೆ ಏನೆಂದು ಹೇಳಿದ್ದಾರೆ ಎಂಬುದನ್ನು ಒಮ್ಮೆ ನೋಡೋಣ.

ಮೊದಲು ಡೆಪ್ಯುಟಿ ನಜೀರ್ ಅಹಮದ್ ಅವರನ್ನು ನೆನೆಯಬೇಕು. 1877ರಲ್ಲಿ ಹೈದರಾಬಾದ್ ಸಂಸ್ಥಾನದ ಸೇವೆಗೆ ಬಂದ ಇವರು, ಅದಕ್ಕೂ ಮುಂಚೆ 1869ರಲ್ಲಿ ತಮ್ಮ ಹೆಣ್ಣುಮಕ್ಕಳಿಗಾಗಿ ‘ಮಿರಾತುಲ್ ಉರೂಸ್’ ಬರೆದಿದ್ದರು. ಮುಂದಿನ ದಶಕದಲ್ಲಿ ಬಂದ ‘ತೌಬತುನ್ನಸೂಹ್’ ಕಾದಂಬರಿಯಲ್ಲಿ ನಸೂಹ್ ಎಂಬ ತಂದೆ ಕಾಲರಾದಿಂದ ಬದುಕಿ ಉಳಿದು, ಮನೆಯವರನ್ನೆಲ್ಲ ತಿದ್ದಲು ಹೊರಡುತ್ತಾನೆ. ಕಿರಿಯರು ಒಪ್ಪುತ್ತಾರೆ. ಹಿರಿಯ ಮಗ ಕಲೀಮ್ ಒಪ್ಪುವುದಿಲ್ಲ. ತಂದೆ ಅವನ ಪುಸ್ತಕಗಳನ್ನೇ ಸುಡುತ್ತಾನೆ. ಮನೆ ಬಿಟ್ಟ ಮಗ ಕೊನೆಗೆ ಗಾಯಗೊಂಡು ಮರಳಿ ಬಂದು ಪ್ರಾಣ ಬಿಡುತ್ತಾನೆ. ತಂದೆಯ ಉದ್ದೇಶ ಒಳ್ಳೆಯದೇ. ಆದರೆ ತಡವಾಗಿ ಎಚ್ಚೆತ್ತ ತಂದೆ ಪ್ರೀತಿಗಿಂತ ಮುಂಚೆ ಅಪ್ಪಣೆಯನ್ನು ಹಿಡಿದರೆ ಏನಾಗುತ್ತದೆ ಎಂಬುದನ್ನೂ ಈ ಕಥೆ ತೋರಿಸಿಬಿಡುತ್ತದೆ.

ಪ್ರೇಮಚಂದರ ‘ಈದ್‌ಗಾಹ್’ (1933) ನಿಮ್ಮಲ್ಲಿ ಬಹಳ ಜನ ಓದಿರಬಹುದು. ಇಲ್ಲಿಯೂ ಕಾಲರಾ ಬರುತ್ತದೆ, ಆದರೆ ತಂದೆ ಉಳಿಯುವುದಿಲ್ಲ. ಅಬ್ಬಾಜಾನ್ ದುಡಿಯಲು ಹೋಗಿದ್ದಾರೆ ಎಂದು ಪುಟ್ಟ ಹಾಮಿದ್ ನಂಬಿದ್ದಾನೆ. ಅವನ ಬಳಿ ಇರುವುದು ಮೂರೇ ಪೈಸೆ. ಗೆಳೆಯರು ಮಣ್ಣಿನ ಸಿಪಾಯಿ, ವಕೀಲರ ಗೊಂಬೆ ಕೊಂಡರೆ ಇವನು ಕಬ್ಬಿಣದ ಚಿಮಟಾ ಕೊಳ್ಳುತ್ತಾನೆ. ರೊಟ್ಟಿ ಬೇಯಿಸುವಾಗ ದಾದಿ ಅಮೀನಾಳ ಬೆರಳು ಸುಡುವುದನ್ನು ಅವನು ಕಂಡಿದ್ದ. ಅದನ್ನು ಬಂದೂಕಿನಂತೆ ಹೆಗಲಿಗೇರಿಸಿ ನಡೆಯುತ್ತಾನೆ. ಗಂಡಸುತನ ಸಿಪಾಯಿ ಗೊಂಬೆಯಲ್ಲಿಲ್ಲ, ಅಡುಗೆ ಮನೆಯ ನೋವನ್ನು ಗಮನಿಸುವ ಕಣ್ಣಿನಲ್ಲಿದೆ ಎಂದು ಆ ಹುಡುಗ ಕಲಿಸುತ್ತಾನೆ.

ಮೂರನೆಯದು ಡಾ. ಜಾಕಿರ್ ಹುಸೇನ್ ಅವರ ‘ಅಬ್ಬೂ ಖಾನ್ ಕೀ ಬಕ್ರಿ’. 1897ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿ ರಾಷ್ಟ್ರಪತಿಯಾದ ಇವರು ಹತ್ತರ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡವರು. ಅಬ್ಬೂ ಖಾನ್ ತನ್ನ ಮೇಕೆ ಚಾಂದನಿಯನ್ನು ತಂದೆಯಂತೆ ಸಾಕುತ್ತಾನೆ. ತೋಳ ತಿಂದೀತೆಂದು ಕೂಡಿಹಾಕುತ್ತಾನೆ. ಅದು ತಪ್ಪಿಸಿಕೊಂಡು ಬೆಟ್ಟಕ್ಕೆ ಹೋಗಿ, ತೋಳದೊಡನೆ ಬೆಳಗಾಗುವವರೆಗೂ ಹೋರಾಡಿ ಸಾಯುತ್ತದೆ. ಆದರೂ ಗೆದ್ದದ್ದು ಚಾಂದನಿಯೇ ಎನ್ನುತ್ತದೆ ಒಂದು ಮುದಿ ಹಕ್ಕಿ. ಕಾಪಾಡುವುದು ತಂದೆಯ ಧರ್ಮ ನಿಜ, ಆದರೆ ಬಾಗಿಲಿಗೆ ಬೀಗ ಹಾಕುವುದಷ್ಟೇ ಕಾಪಾಡುವುದಲ್ಲ.

ಈ ಮೂರು ಕಥೆಗಳನ್ನು ನಮ್ಮ ಬಳಿ ಇರುವ ಅತ್ಯುನ್ನತ ಮಾದರಿಯ ಪಕ್ಕದಲ್ಲಿಟ್ಟು ನೋಡಿರಿ. ಪ್ರವಾದಿ ಮುಹಮ್ಮದ್ (ಸ) ಹುಟ್ಟುವ ಮೊದಲೇ ತಂದೆಯನ್ನು ಕಳೆದುಕೊಂಡಿದ್ದರು. ಆದರೂ ಮೊಮ್ಮಗ ಹಸನ್‌ರನ್ನು (ರ) ಎಲ್ಲರೆದುರು ಮುದ್ದಿಸಿದರು. ತನಗೆ ಹತ್ತು ಮಕ್ಕಳಿದ್ದರೂ ಒಬ್ಬರನ್ನೂ ಮುದ್ದಿಸಿಲ್ಲ ಎಂದವನಿಗೆ, ಕರುಣೆ ತೋರದವನಿಗೆ ಕರುಣೆ ಸಿಗದೆಂದು ತಿಳಿಹೇಳಿದರು. ಮಗ ಇಬ್ರಾಹೀಮ್ ತೀರಿಕೊಂಡಾಗ ಕಣ್ಣೀರು ಸುರಿಸಿದರು. ಹೀಗಿರುವಾಗ “ಗಂಡು ಹುಡುಗ ಅಳಬಾರದು” ಎಂದು ನಾವು ಗದರಿಸುವುದು ಯಾವ ಮಾದರಿ?

ಇಂದು ನಮ್ಮೂರುಗಳ ಎಷ್ಟೋ ತಂದೆಯರು ದುಡಿಮೆಗಾಗಿ ಹೈದರಾಬಾದ್, ಪುಣೆ, ಮುಂಬೈ, ಕೊಲ್ಲಿ ದೇಶಗಳಲ್ಲಿದ್ದಾರೆ. ಮಕ್ಕಳು ಹಾಮಿದ್‌ನಂತೆ ದಾರಿ ಕಾಯುತ್ತಾರೆ. ಊರಿಗೆ ಬಂದಾಗ ಆ ತಂದೆ ಮೊದಲು ಕೇಳುವುದು ಅಂಕಪಟ್ಟಿಯನ್ನು! ಸದಸ್ಯ ಬಂಧುಗಳೇ, ಅದರ ಬದಲು ಒಂದು ಕಥೆಯಿಂದ ಆರಂಭಿಸಿ. ಉರ್ದುವಿನಲ್ಲಾಗಲಿ, ಕನ್ನಡದಲ್ಲಾಗಲಿ, ಇಶಾ ನಮಾಜಿನ ನಂತರ ಹತ್ತು ನಿಮಿಷ ಸಾಕು. ವಿದ್ಯಾರ್ಥಿಗಳೇ, ನೀವೂ ಮುಂದೆ ತಂದೆಯರಾಗುವವರು. ಕಲೀಮ್‌ನ ಪುಸ್ತಕಗಳು ಸುಟ್ಟ ಮನೆ ನಿಮ್ಮದಾಗದಿರಲಿ, ಹಾಮಿದ್‌ನ ಚಿಮಟಾ ಬಂದ ಮನೆ ನಿಮ್ಮದಾಗಲಿ.