ಹೊರವಲಯದ ಹುಸಿ ಬಾಂಬ್ ಕರೆಗಳು

ಬೆಂಗಳೂರಿನ ಹೊರವಲಯದಲ್ಲಿ ಬಾಂಬ್ ಬೆದರಿಕೆ ಮೊದಲು ಬರುತ್ತಿದ್ದುದು ಫೋನಿನಲ್ಲಿ. ಪೀಣ್ಯದ ಶೆಡ್‌ಗಳು, 1978ರಲ್ಲಿ ರಾಜ್ಯ ಸರ್ಕಾರದ ಕಿಯೋನಿಕ್ಸ್ ಆರಂಭಿಸಿದ ಎಲೆಕ್ಟ್ರಾನಿಕ್ ಸಿಟಿ, 1990ರ ದಶಕದಲ್ಲಿ ವೈಟ್‌ಫೀಲ್ಡ್‌ನಲ್ಲಿ ಎದ್ದ ಐಟಿಪಿಎಲ್ ಟೆಕ್ ಪಾರ್ಕ್, ಮೂರೂ ಊರಂಚಿನವು. ಒಂದು ಕರೆಗೆ ಒಂದೇ ಕಟ್ಟಡ ಗುರಿ. ಕರೆ ಬಂದದ್ದು ಯಾವ ಎಸ್‌ಟಿಡಿ ಬೂತಿನಿಂದ, ಯಾವ ಕಾಯಿನ್ ಬಾಕ್ಸಿನಿಂದ ಎಂದು ತಿಳಿದರೆ ಅಂಗಡಿಯವನನ್ನು ವಿಚಾರಿಸಿಯೇ ತನಿಖೆ ಶುರುವಾಗುತ್ತಿತ್ತು. ಕಾರಣವೂ ಹಲವು ಸಲ ಹತ್ತಿರದ್ದೇ ಆಗಿರುತ್ತಿತ್ತು. 2023ರ ನವೆಂಬರಿನಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಟಿಸಿಎಸ್ ಕ್ಯಾಂಪಸ್‌ಗೆ ಬಂದ ಹುಸಿ ಕರೆಯ ಹಿಂದೆ ಕೆಲಸ ಕಳೆದುಕೊಂಡ ಮಾಜಿ ಉದ್ಯೋಗಿಯ ಸಿಟ್ಟಿತ್ತು ಎಂದು ಪೊಲೀಸರು ಹೇಳಿದರು.

ನಿಜವಾಗಿ ಸಿಡಿದ ಬಾಂಬುಗಳ ಕಥೆಯೇ ಬೇರೆ. 2008ರ ಜುಲೈ 25ರ ಮಧ್ಯಾಹ್ನ ನಗರದ ಹಲವೆಡೆ ಸರಣಿ ಸ್ಫೋಟವಾದಾಗ, ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ಹೊಸೂರು ರಸ್ತೆಯ ಮಡಿವಾಳ ಬಸ್ ನಿಲ್ದಾಣದಲ್ಲಿ ನಿಂತಿದ್ದ ಮಹಿಳೆಯೊಬ್ಬರು ಸತ್ತರು. ಮುಂಚಿತವಾಗಿ ಯಾರೂ ಫೋನ್ ಮಾಡಿರಲಿಲ್ಲ. ಮರುದಿನ ಕೋರಮಂಗಲದಲ್ಲಿ ಸಿಡಿಯದ ಬಾಂಬೊಂದು ಸಿಕ್ಕಿ, ಅದನ್ನು ನಿಷ್ಕ್ರಿಯಗೊಳಿಸಲಾಯಿತು. ಅದೇ ವರ್ಷದ ಮುಂಬೈ ದಾಳಿಯ ನಂತರ ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆಯ ಕಾಯ್ದೆಗೆ ತಿದ್ದುಪಡಿಯಾಗಿ, 2009ರಲ್ಲಿ ಇನ್ಫೋಸಿಸ್‌ನ ಎಲೆಕ್ಟ್ರಾನಿಕ್ ಸಿಟಿ ಆವರಣದ ಕಾವಲಿಗೆ ಆ ಪಡೆ ಬಂತು. ಖಾಸಗಿ ಕಂಪನಿಯ ಗೇಟಿನಲ್ಲಿ ಕೇಂದ್ರದ ಪಡೆ ನಿಂತದ್ದು ಆಗಿನ ಮಟ್ಟಿಗೆ ಹೊಸತು.

2024ರ ಮಾರ್ಚ್ 1ರಂದು ಬ್ರೂಕ್‌ಫೀಲ್ಡ್‌ನ ರಾಮೇಶ್ವರಂ ಕೆಫೆಯಲ್ಲೂ ಸುಳಿವಿರಲಿಲ್ಲ. ಟೋಪಿ, ಮಾಸ್ಕ್ ಹಾಕಿದ ಒಬ್ಬ ಬಿಎಂಟಿಸಿ ಬಸ್ಸಿನಲ್ಲಿ ಬಂದ, ರವೆ ಇಡ್ಲಿ ತೆಗೆದುಕೊಂಡ, ಕೈ ತೊಳೆಯುವ ಜಾಗದ ಬಳಿ ಬ್ಯಾಗ್ ಬಿಟ್ಟು ಹೋದ. ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ಅದು ಸಿಡಿಯಿತು. ಹಲವರು ಗಾಯಗೊಂಡರು, ಪ್ರಾಣ ಹೋಗಲಿಲ್ಲ. ಕೆಲವೇ ದಿನಗಳಲ್ಲಿ ತನಿಖೆ ಎನ್‌ಐಎಗೆ ಹೋಯಿತು. ಸಿಡಿದವು ಹೇಳಿ ಬರಲಿಲ್ಲ, ಹೇಳಿ ಬಂದವು ಸಿಡಿಯಲಿಲ್ಲ. ಹಾಗೆಂದು ಠಾಣೆಯವರು ಕರೆಯನ್ನು ಕಡೆಗಣಿಸುವಂತಿಲ್ಲ. ಒಂದೇ ಒಂದು ಸಲ ಲೆಕ್ಕ ತಪ್ಪಿದರೂ ಜೀವ ಹೋಗುತ್ತದೆ.

ಹೀಗಾಗಿ ಪ್ರತಿ ಕರೆಗೂ ಅದೇ ಕ್ರಮ. ಮೊದಲು ಪೊಲೀಸರ ಹೊಯ್ಸಳ ಗಸ್ತು ವಾಹನ, ಹಿಂದೆಯೇ ಠಾಣೆಯ ಸಿಬ್ಬಂದಿ, ಆಮೇಲೆ ಬಾಂಬ್ ನಿಷ್ಕ್ರಿಯ ದಳ ಮತ್ತು ಶ್ವಾನದಳ. ಜನರನ್ನು ಹೊರಗೆ ಕಳಿಸುವ ಮುನ್ನ ಅವರು ನಿಲ್ಲುವ ಜಾಗವನ್ನೇ ಒಮ್ಮೆ ನೋಡಬೇಕು. ವಾರಸುದಾರರಿಲ್ಲದ ಬ್ಯಾಗ್ ಕಂಡರೆ ಮುಟ್ಟುವಂತಿಲ್ಲ, ಅದರ ಹತ್ತಿರ ವೈರ್‌ಲೆಸ್ ಬಳಸುವಂತಿಲ್ಲ. ಪೀಣ್ಯದ ಲೇತ್ ಶೆಡ್ಡಿನಲ್ಲಿ ಇದೆಲ್ಲ ಇನ್ನೂ ಕಷ್ಟ. ನೆಲದ ತುಂಬ ಕಬ್ಬಿಣದ ಚೂರು, ಮೂಲೆಯಲ್ಲಿ ಗ್ಯಾಸ್ ಸಿಲಿಂಡರು, ಎಣ್ಣೆ ಡಬ್ಬ. ಮೆಟಲ್ ಡಿಟೆಕ್ಟರ್ ಎಲ್ಲದಕ್ಕೂ ಕೂಗುತ್ತದೆ. ಅಲ್ಲಿ ‘ಇದು ನಮ್ಮ ಡಬ್ಬ ಅಲ್ಲ ಸಾರ್’ ಎನ್ನಬಲ್ಲ ಕೆಲಸಗಾರನೇ ಒಳ್ಳೆಯ ಉಪಕರಣ. ಟೆಕ್ ಪಾರ್ಕಿನಲ್ಲಿ ಆ ಸ್ಥಾನ ಹೌಸ್‌ಕೀಪಿಂಗ್‌ನವರದು.

ಈ ಕ್ರಮ ರೂಪುಗೊಂಡದ್ದು ಒಂದು ಕಟ್ಟಡವನ್ನು ಮನಸ್ಸಿನಲ್ಲಿಟ್ಟುಕೊಂಡು. ಇ-ಮೇಲ್ ಅದನ್ನು ಬುಡಮೇಲು ಮಾಡಿತು. 2022ರ ಏಪ್ರಿಲ್ 8ರಂದು, ಪರೀಕ್ಷೆ ನಡೆಯುತ್ತಿದ್ದಾಗ, ವರ್ತೂರು, ಮಹದೇವಪುರ, ಮಾರತ್ತಹಳ್ಳಿ, ಎಲೆಕ್ಟ್ರಾನಿಕ್ ಸಿಟಿಯ ಶಾಲೆಗಳೂ ಸೇರಿ ಹಲವು ಕಡೆಗೆ ಬೆದರಿಕೆ ಬಂತು. 2023ರ ಡಿಸೆಂಬರ್ 1ರಂದು ನಗರ ಮತ್ತು ಗ್ರಾಮಾಂತರದ 60ಕ್ಕೂ ಹೆಚ್ಚು ಶಾಲೆಗಳಿಗೆ ಒಂದೇ ಬೆಳಿಗ್ಗೆ ಮೇಲ್ ತಲುಪಿತು. ಅಷ್ಟು ಶಾಲೆಗಳಿಗೆ ಒಟ್ಟಿಗೆ ನಾಯಿಗಳನ್ನು ಕಳಿಸುವುದು ಪೊಲೀಸರಿಗೆ ಸುಲಭವಲ್ಲ. ಗೇಟಿನ ಮುಂದೆ ತಂದೆ ತಾಯಂದಿರು ಮುಗಿಬಿದ್ದರು. ದಳಗಳು ಒಂದು ಶಾಲೆ ಮುಗಿಸಿ ಇನ್ನೊಂದಕ್ಕೆ ಓಡಿದವು. ಏನೂ ಸಿಗಲಿಲ್ಲ.

ಮೇಲ್ ಕಳಿಸಿದವರನ್ನು ಹಿಡಿಯುವುದು ಬೂತ್ ಹುಡುಕಿದಷ್ಟು ಸುಲಭವಲ್ಲ. ಸರ್ವರ್ ವಿದೇಶದಲ್ಲಿರುತ್ತದೆ, ವಿಳಾಸ ವಿಪಿಎನ್ ಹಿಂದೆ ಅಡಗಿರುತ್ತದೆ, ಮಾಹಿತಿ ಕೇಳಿ ಬರೆದ ಪತ್ರಕ್ಕೆ ಉತ್ತರ ಬರಲು ತಿಂಗಳುಗಳೇ ಬೇಕು. ಇನ್ನು ಕಾನೂನು: ಅನಾಮಧೇಯ ಬೆದರಿಕೆಗೆ 1860ರ ಭಾರತೀಯ ದಂಡ ಸಂಹಿತೆಯ 507ನೇ ಕಲಂ ಇತ್ತು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆಯ 351(4) ಬಂದಿದೆ. ಬೆದರಿಕೆಯ ಶಿಕ್ಷೆಯ ಜೊತೆಗೆ ಹೆಚ್ಚುವರಿಯಾಗಿ ಎರಡು ವರ್ಷದವರೆಗೆ ಸಜೆ ಎಂಬುದು ಎರಡರಲ್ಲೂ ಒಂದೇ.