ಕುದುರೆ ಬೆಳೆಸಿದ ಉದ್ಯಾನ, ಬೀಗ ಬಿದ್ದ ಲಾಯ

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದ ಗೋಲ್ಡನ್ ಗೇಟ್ ಉದ್ಯಾನ ಹುಟ್ಟಿದ್ದು ಮರಳಿನಲ್ಲಿ. 1870ರಲ್ಲಿ ಉದ್ಯಾನಕ್ಕೆ ಅನುಮತಿ ದೊರೆತಾಗ ಪೆಸಿಫಿಕ್ ಸಾಗರದ ದಂಡೆಯವರೆಗೆ ಹಬ್ಬಿದ್ದ ಆ ಸುಮಾರು 1,000 ಎಕರೆಯ ಬಹುಭಾಗ ಗಾಳಿ ಬೀಸಿದಂತೆ ಜಾಗ ಬದಲಿಸುವ ಮರಳುದಿಬ್ಬಗಳಾಗಿತ್ತು. ಅಲ್ಲಿ ಮರ ಬೆಳೆಸುವುದೆಂದರೆ ಹುಚ್ಚು ಸಾಹಸವೆಂದು ಹಲವರು ಭಾವಿಸಿದ್ದರು. ನಕ್ಷೆ ಸಿದ್ಧಪಡಿಸಿದ ಯುವ ಎಂಜಿನಿಯರ್ ವಿಲಿಯಂ ಹ್ಯಾಮಂಡ್ ಹಾಲ್‌ಗೆ ಆಗ ದಾರಿ ತೋರಿದ್ದು ಒಂದು ಕುದುರೆ!

ಕುದುರೆಯ ಮೂತಿಗೆ ಕಟ್ಟಿದ್ದ ಮೇವಿನ ಚೀಲದಿಂದ ನೆನೆಸಿದ ಬಾರ್ಲಿ ಮರಳಿನ ಮೇಲೆ ಚೆಲ್ಲಿತ್ತು. ಕೆಲವೇ ದಿನಗಳಲ್ಲಿ ಅದು ಮೊಳೆತು ಹಸಿರಾಯಿತು. ಮರಳನ್ನು ಗಟ್ಟಿಯಾಗಿ ಹಿಡಿಯಬಲ್ಲ ಲ್ಯೂಪಿನ್ ಗಿಡ ನಿಧಾನವಾಗಿ ಬೇರೂರುತ್ತದೆ. ಅಷ್ಟರೊಳಗೆ ಗಾಳಿ ಅದನ್ನು ಹೂತುಬಿಡುತ್ತಿತ್ತು. ಬೇಗ ಬೆಳೆಯುವ ಬಾರ್ಲಿಯನ್ನು ಜೊತೆಗೆ ಬಿತ್ತಿದರೆ ಲ್ಯೂಪಿನ್‌ಗೆ ಆಸರೆ ಸಿಗುತ್ತದೆಂದು ಹಾಲ್ ಕಂಡುಕೊಂಡರು. ಉದ್ಯಾನದ ಇತಿಹಾಸದಲ್ಲಿ ಈ ಪ್ರಸಂಗ ಪ್ರಸಿದ್ಧವಾಗಿದೆ. ಮುಂದೆ ನಗರದ ಬೀದಿಗಳಲ್ಲಿ ಗುಡಿಸಿ ತಂದ ಕುದುರೆ ಲದ್ದಿಯೇ ಆ ಬಡ ಮರಳಿಗೆ ಸಾರ ತುಂಬಿತು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಉದ್ಯಾನದ ಮೇಲ್ವಿಚಾರಕರಾಗಿದ್ದು, 1943ರಲ್ಲಿ ನಿಧನರಾದ ಜಾನ್ ಮೆಕ್ಲಾರೆನ್ ತಮ್ಮ ಹುಟ್ಟುಹಬ್ಬಕ್ಕೆ ಏನು ಬೇಕೆಂದು ಕೇಳಿದವರಿಗೆ ಒಳ್ಳೆಯ ಗೊಬ್ಬರ ಕೊಡಿ ಎಂದಿದ್ದರಂತೆ.

ಆ ಕಾಲದ ಉದ್ಯಾನಗಳಲ್ಲಿ ಸಾರೋಟಿಗೆ ಒಂದು ರಸ್ತೆ, ಸವಾರರಿಗೆ ಒಂದು ದಾರಿ ಇರುವುದು ವಾಡಿಕೆ. ಲಂಡನ್ನಿನ ಹೈಡ್ ಪಾರ್ಕ್‌ನಲ್ಲೂ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್‌ನಲ್ಲೂ ಹಾಗೆಯೇ ಇತ್ತು. ಆದರೆ ದಾರಿ ಎಲ್ಲರದಾದರೂ ಕುದುರೆ ಉಳ್ಳವರದು. ಈ ಅಂತರವನ್ನು ಕಡಿಮೆ ಮಾಡಿದ್ದು ಬಾಡಿಗೆಗೆ ಕುದುರೆ ಕೊಟ್ಟು, ಸವಾರಿ ಕಲಿಸುವ ಲಾಯಗಳು. ಗೋಲ್ಡನ್ ಗೇಟ್ ಉದ್ಯಾನದೊಳಗೇ ಅಂಥದೊಂದು ಲಾಯವಿತ್ತು. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ, ನಿರುದ್ಯೋಗಿಗಳಿಗೆ ಕೆಲಸ ಕೊಡುವ ಸರ್ಕಾರಿ ಯೋಜನೆಯಡಿ ಉದ್ಯಾನಕ್ಕೆ ಸೇರಿದ ಕಟ್ಟಡಗಳ ಸಾಲಿನದು ಅದು. ಸ್ವಂತ ಕುದುರೆ ಕೊಳ್ಳಲಾಗದ ಮನೆಗಳ ಮಕ್ಕಳು ಮೊದಲು ಜೀನು ಏರಿದ್ದು, ಲಗಾಮು ಹಿಡಿದದ್ದು ಇಂಥ ಕಡೆಗಳಲ್ಲಿ.

2001ರಲ್ಲಿ ಈ ಲಾಯ ಮುಚ್ಚಿತು. ಕಟ್ಟಡಗಳು ಹಳೆಯದಾಗಿದ್ದವು, ಹೊಸದಾಗಿ ಕಟ್ಟಿ ಮತ್ತೆ ತೆರೆಯುವ ಆಲೋಚನೆ ಇತ್ತು. ಆದರೆ ವರ್ಷಗಳು ಉರುಳಿದವು, ಬೀಗ ತೆಗೆಯಲಿಲ್ಲ. ಸವಾರರು, ಕುದುರೆಪ್ರಿಯರು ಗುಂಪುಕಟ್ಟಿ ನಗರಾಡಳಿತಕ್ಕೆ ಮೊರೆಯಿಟ್ಟರು, ಹೊಸ ಲಾಯದ ಯೋಜನೆ ಮುಂದಿಟ್ಟರು. ಉದ್ಯಾನದೊಳಗಿನ ಸವಾರಿ ದಾರಿಗಳು ಉಳಿದಿದ್ದವು. ಕುದುರೆ ಸವಾರ ಪೊಲೀಸ್ ದಳದ ಲಾಯವೂ ಅಲ್ಲಿಯೇ ಇತ್ತು. ಜನರು ಏರುವ ಕುದುರೆಗೆ ಮಾತ್ರ ಜಾಗವಿರಲಿಲ್ಲ.

ಮುಚ್ಚಿದ ಲಾಯವನ್ನು ಮತ್ತೆ ತೆರೆಯುವುದು ಅಷ್ಟು ಕಷ್ಟವೇಕೆ? ಈಜುಕೊಳವಾದರೆ ನೀರು ಬಸಿದು ಹತ್ತು ವರ್ಷ ಬಿಡಬಹುದು. ಕುದುರೆಯನ್ನು ಹಾಗೆ ಎತ್ತಿಡಲಾಗದು. ಅದಕ್ಕೆ ದಿನವೂ ಮೇವು, ನೀರು, ಮಾಲಿಶು ಬೇಕು. ಆರೇಳು ವಾರಕ್ಕೊಮ್ಮೆ ಗೊರಸು ಕತ್ತರಿಸಿ ಲಾಳ ಕಟ್ಟಬೇಕು. ಲಾಯ ಮುಚ್ಚಿದ ದಿನವೇ ಕುದುರೆಗಳು ಬೇರೆಡೆಗೆ ಹೋಗುತ್ತವೆ. ಅವುಗಳ ಹಿಂದೆ ಲಾಳ ಕಟ್ಟುವವರು, ಸವಾರಿ ಕಲಿಸುವವರು, ಲಾಯದ ಆಳುಗಳು ಹೋಗುತ್ತಾರೆ. ಕಲಿಯಬೇಕಿದ್ದ ಮಕ್ಕಳು ದೊಡ್ಡವರಾಗುತ್ತಾರೆ. ಹೀಗಾಗಿ ಮತ್ತೆ ತೆರೆಯಿರಿ ಎಂದು ಕೇಳುವ ದನಿಗಳೂ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತವೆ. ಜೊತೆಗೆ ಹಣದ ಗಂಟು: ನಿಧಿ ತಂದರೆ ಅನುಮತಿ ಎನ್ನುತ್ತದೆ ಆಡಳಿತ, ಅನುಮತಿ ತೋರಿಸಿದರೆ ನಿಧಿ ಎನ್ನುತ್ತಾರೆ ದಾನಿಗಳು.

ಗೋಲ್ಡನ್ ಗೇಟ್ ಉದ್ಯಾನಕ್ಕೆ ಸವಾರಿ ಮರಳಿದ್ದು ಸುಮಾರು ಎರಡು ದಶಕಗಳ ನಂತರ, 2020ರ ದಶಕದ ಆರಂಭದಲ್ಲಿ. ಅದೂ ಹಳೆಯ ಲಾಯದಲ್ಲಲ್ಲ. ಬರ್ಕಟ್ ಎಂಬ ಸವಾರಿ ಮೈದಾನದಲ್ಲಿ ಖಾಸಗಿ ಸಂಸ್ಥೆಯೊಂದು ನಗರದ ಒಪ್ಪಿಗೆಯಿಂದ ಕುದುರೆಗಳನ್ನು ತಂದು ಸವಾರಿ ಆರಂಭಿಸಿತು. ದೊಡ್ಡ ಕಟ್ಟಡದ ಕನಸಿಗಿಂತ ಮೊದಲು ನಾಲ್ಕು ಕುದುರೆ ಬಂದು ನಿಲ್ಲುವುದೇ ಮೇಲು ಎಂಬ ದಾರಿ ಇದು.

ಇದೇ ದಾರಿಯನ್ನು ಫಿಲಡೆಲ್ಫಿಯಾ ಇನ್ನೂ ಮೊದಲೇ ಹಿಡಿದಿತ್ತು. ಅಲ್ಲಿನ ಫೇರ್‌ಮೌಂಟ್ ಉದ್ಯಾನದ ಲಾಯದಲ್ಲಿ 1994ರಲ್ಲಿ ಲೆಜ್ಲಿ ಹೈನರ್ ಎಂಬ ಮಹಿಳೆ ಬಡ ಬಡಾವಣೆಗಳ ಮಕ್ಕಳಿಗಾಗಿ ‘ವರ್ಕ್ ಟು ರೈಡ್’ ಆರಂಭಿಸಿದರು. ಹೆಸರೇ ಹೇಳುವಂತೆ, ದುಡಿದವರಿಗೆ ಸವಾರಿ. ಮಕ್ಕಳು ಲದ್ದಿ ಬಾಚಬೇಕು, ಮೈ ಉಜ್ಜಬೇಕು, ಶಾಲೆಯ ಓದನ್ನೂ ಕೆಡಿಸಿಕೊಳ್ಳಬಾರದು; ಅದೇ ಅವರು ತೆರುವ ಶುಲ್ಕ. 2011ರಲ್ಲಿ ಈ ಮಕ್ಕಳ ತಂಡ ಅಮೆರಿಕದ ರಾಷ್ಟ್ರೀಯ ಅಂತರಶಾಲಾ ಪೋಲೊ ಪ್ರಶಸ್ತಿ ಗೆದ್ದಿತು. ಕಪ್ಪುವರ್ಣೀಯರೇ ತುಂಬಿದ್ದ ತಂಡವೊಂದು ಆ ಪ್ರಶಸ್ತಿ ಗೆದ್ದದ್ದು ಅದೇ ಮೊದಲು. ಆ ತಂಡದ ಕರೀಂ ರಾಸರ್ ಮುಂದೆ ಕಾಲೇಜು ಮಟ್ಟದಲ್ಲೂ ರಾಷ್ಟ್ರೀಯ ಪ್ರಶಸ್ತಿ ಗೆದ್ದರು. 2021ರಲ್ಲಿ ತಮ್ಮ ಆತ್ಮಕಥೆ ಪ್ರಕಟಿಸಿದರು.

ಕುದುರೆ ಕಂಡರೆ ಕಾಲುನೋವು ಎಂಬ ಗಾದೆ ನಮ್ಮಲ್ಲಿದೆ. ಸೌಕರ್ಯ ಎದುರಿಗೆ ಕಂಡಾಗಲೇ ಆಯಾಸ ನೆನಪಾಗುವ ಸ್ವಭಾವವನ್ನು ಹಾಸ್ಯ ಮಾಡುವ ಮಾತು ಅದು. ಸಾರ್ವಜನಿಕ ಲಾಯಗಳ ಕಥೆ ಇದಕ್ಕೆ ತಿರುಗುಮುರುಗು. ಕುದುರೆ ಕಣ್ಮರೆಯಾದರೆ ಕಾಲುನೋವಿನ ನೆನಪೂ ಹೋಗುತ್ತದೆ. ತಮಗೆ ಏನು ತಪ್ಪಿತೆಂಬುದೇ ಮುಂದಿನ ತಲೆಮಾರಿಗೆ ತಿಳಿಯುವುದಿಲ್ಲ. ಮುಚ್ಚಿದ ಲಾಯದ ಬಾಗಿಲಲ್ಲಿ ವರ್ಷಗಟ್ಟಲೆ ಮೊರೆಯಿಟ್ಟವರು ಉಳಿಸಲು ಹೊರಟದ್ದು ಹಳೆಯ ಕಟ್ಟಡವನ್ನಷ್ಟೇ ಅಲ್ಲ, ಆ ನೆನಪನ್ನು.