ಕೃಷ್ಣೆಯ ಗಡ್ಡಿಗಳು ಮತ್ತು ಸಿಸಿಲಿಯ ದಡ

ಮೆಡಿಟರೇನಿಯನ್ ಸಮುದ್ರದ ಸಿಸಿಲಿ ದ್ವೀಪವನ್ನು ನೋಡಲು ಜಗತ್ತಿನ ಮೂಲೆ ಮೂಲೆಯಿಂದ ಜನ ಹೋಗುತ್ತಾರೆ. 3,300 ಮೀಟರಿಗೂ ಎತ್ತರವಾಗಿ ಹೊಗೆಯುಗುಳುತ್ತ ನಿಂತ ಎಟ್ನಾ ಅಗ್ನಿಪರ್ವತ, ನೀಲಿ ಕಡಲು, ನಿಂಬೆ ತೋಟಗಳು ಅಲ್ಲಿನ ಆಕರ್ಷಣೆ. ಆದರೆ ಆ ನಿಂಬೆ, ಕಿತ್ತಳೆ, ಕಬ್ಬುಗಳಿಗೂ ಒಂದು ಚರಿತ್ರೆಯಿದೆ. ಕ್ರಿ.ಶ. 827ರಲ್ಲಿ ಅಲ್ಲಿಗೆ ಕಾಲಿಟ್ಟ ಅರಬರು ಈ ಬೆಳೆಗಳನ್ನೂ ನೀರಾವರಿಯ ಜಾಣ್ಮೆಯನ್ನೂ ಜೊತೆಗೆ ತಂದರು. 1091ರ ಹೊತ್ತಿಗೆ ಇಡೀ ದ್ವೀಪ ನಾರ್ಮನ್ ಕ್ರೈಸ್ತ ಅರಸರ ವಶವಾಯಿತು. ಆದರೂ ವಿದ್ವಾಂಸರ ಒಡನಾಟ ಕಡಿಯಲಿಲ್ಲ. 1154ರಲ್ಲಿ ಅಲ್ ಇದ್ರೀಸಿ ತನ್ನ ಪ್ರಸಿದ್ಧ ಭೂಗೋಳ ಗ್ರಂಥವನ್ನು ಪೂರೈಸಿದ್ದು ಎರಡನೆಯ ರೋಜರ್ ಎಂಬ ನಾರ್ಮನ್ ದೊರೆಗಾಗಿ.

1184ರ ಡಿಸೆಂಬರಿನಲ್ಲಿ ಹಜ್ ಮುಗಿಸಿ ಮರಳುತ್ತಿದ್ದ ಸ್ಪೇನಿನ ಪ್ರವಾಸಿ ಇಬ್ನ್ ಜುಬೈರ್‌ನ ಹಡಗು ಸಿಸಿಲಿಯ ಮೆಸ್ಸೀನಾ ಬಳಿ ಒಡೆಯಿತು. ದಡ ಕಣ್ಣಿಗೆ ಕಾಣುತ್ತಿತ್ತು. ಆದರೆ ಸಣ್ಣ ದೋಣಿಗಳವರು ಕೇಳಿದ ಹಣ ಬಡ ಯಾತ್ರಿಕರ ಬಳಿ ಇರಲಿಲ್ಲ. ಅಲ್ಲಿಗೆ ಬಂದಿದ್ದ ದೊರೆ ಎರಡನೆಯ ವಿಲಿಯಂ ಸಂಗತಿ ತಿಳಿದು ಆ ಬಡ ಮುಸ್ಲಿಮರ ದೋಣಿಯ ಬಾಡಿಗೆಯನ್ನು ತಾನೇ ಕೊಡಿಸಿದ. ಎಟ್ನಾದ ಬೆಂಕಿಯನ್ನು ಕಂಡು ಬೆರಗಾದ ಜುಬೈರ್, ದೊರೆಯ ಈ ಉಪಕಾರವನ್ನೂ ಮರೆಯದೆ ದಾಖಲಿಸಿದ್ದಾನೆ.

ದ್ವೀಪ ನೋಡಲು ಅಷ್ಟು ದೂರ ಹೋಗಬೇಕಿಲ್ಲ. ಕೊಂಕಲ್, ಶಹಾಪುರ, ಸುರಪುರ ಸೀಮೆಯ ಜನರಿಗೆ ‘ಗಡ್ಡಿ’ ಎಂಬ ಮಾತು ಚಿರಪರಿಚಿತ. ಕೃಷ್ಣಾ ನದಿ ಕವಲೊಡೆದು ಮತ್ತೆ ಕೂಡುವ ನಡುವೆ ಉಳಿದ ನೆಲವೇ ಗಡ್ಡಿ. ನಾರಾಯಣಪುರದಿಂದ ಕೆಳಗೆ ನದಿ ಬಂಡೆಗಳ ನಡುವೆ ಸೀಳಿಕೊಂಡು ಹರಿಯುತ್ತದೆ. ಛಾಯಾ ಭಗವತಿಯ ಬಳಿ ಕಲ್ಲುಬಂಡೆಗಳ ಮೇಲೆ ಧುಮುಕುವ ನೀರನ್ನು ನೋಡಿದವರಿಗೆ ಇದು ಬಯಲುಸೀಮೆಯೇ ಎಂಬ ಅನುಮಾನ ಬರುತ್ತದೆ. ಸುಮಾರು 3 ಮೈಲಿಯೊಳಗೆ ನದಿ 400 ಅಡಿಯಷ್ಟು ಕೆಳಗಿಳಿಯುತ್ತದೆಂದು ಬ್ರಿಟಿಷರ ಕಾಲದ ಗೆಜೆಟಿಯರ್ ಲೆಕ್ಕ ಕೊಡುತ್ತದೆ.

ಇಂಥದೇ ಒಂದು ನಡುಗಡ್ಡೆಯ ಮೇಲಿದೆ ಲಿಂಗಸುಗೂರು ತಾಲ್ಲೂಕಿನ ಜಲದುರ್ಗ. ವಿಜಯನಗರಕ್ಕೂ ಬಹಮನಿಗಳಿಗೂ, ಆಮೇಲೆ ಬಿಜಾಪುರದ ಆದಿಲಶಾಹಿಗಳಿಗೂ ತಲೆಮಾರುಗಟ್ಟಲೆ ಜಗಳದ ವಸ್ತುವಾಗಿದ್ದ ರಾಯಚೂರು ದೋಆಬ್‌ನ ಅಂಚಿನಲ್ಲಿ ಈ ಕೋಟೆ ನಿಂತಿದೆ. ಸುತ್ತಲಿನ ನೀರೇ ಅದಕ್ಕೆ ಕಂದಕ. ಅಂದು ಸೈನಿಕನಿಗೆ ರಕ್ಷಣೆಯಾಗಿದ್ದ ಆ ನೀರೇ ಗಡ್ಡಿಯ ರೈತನಿಗೆ ಮಾತ್ರ ತೊಡಕಾಯಿತು.

ಈ ಸೀಮೆಯ ಸೊಬಗನ್ನು ಹೊರಜಗತ್ತಿಗೆ ಹೇಳಿದವರಲ್ಲಿ ಫಿಲಿಪ್ ಮೆಡೋಸ್ ಟೇಲರ್ ಮುಖ್ಯ. ನಿಜಾಮರ ಸೇವೆಯಲ್ಲಿದ್ದ ಈತ 1841ರಿಂದ 1853ರವರೆಗೆ ಸುರಪುರದ ಆಡಳಿತ ನೋಡಿಕೊಂಡ. ಬೋನಾಳದ ಕೆರೆಯನ್ನು ಅಭಿವೃದ್ಧಿಪಡಿಸಿದ. ಇಂದು ಅದು ಪಕ್ಷಿಧಾಮ. ಬಾಲಕ ದೊರೆ ವೆಂಕಟಪ್ಪ ನಾಯಕ ಇವನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದ. 1858ರಲ್ಲಿ ಅದೇ ನಾಯಕ ಬ್ರಿಟಿಷರ ವಿರುದ್ಧ ಎದ್ದು, ಸೆರೆಯಾಗಿ, ಪ್ರಾಣ ಕಳೆದುಕೊಂಡ. ಟೇಲರ್ 1876ರಲ್ಲಿ ತೀರಿಕೊಂಡದ್ದು ಫ್ರಾನ್ಸಿನ ಮಾಂತೋನ್ ಪಟ್ಟಣದಲ್ಲಿ, ಮೆಡಿಟರೇನಿಯನ್ ದಡದಲ್ಲಿ. ಕೃಷ್ಣೆಯನ್ನೂ ಆ ಕಡಲನ್ನೂ ಕಂಡ ಕಣ್ಣು ಅವನದು.

ಆದರೆ ನೋಡಲು ಬಂದವನಿಗೆ ಸೊಬಗಾಗಿ ಕಾಣುವ ನೀರು ಅಲ್ಲೇ ಬಾಳುವವನಿಗೆ ಬೇರೆಯೇ ಆಗಿ ಕಾಣುತ್ತದೆ. ಕಕ್ಕೇರಾ ಬಳಿಯ ನೀಲಕಂಠರಾಯನ ಗಡ್ಡಿ ಇದಕ್ಕೆ ಸಾಕ್ಷಿ. ಹೊಳೆ ತುಂಬಿದಾಗ ಒಣಗಿದ ಸೋರೆ ಬುರುಡೆಗಳನ್ನು ಮೈಗೆ ಕಟ್ಟಿಕೊಂಡು ಈಜಿ ದಡ ಸೇರುವುದು ಅಲ್ಲಿಯವರು ಕಲಿತ ವಿದ್ಯೆ. 2014ರ ಮಳೆಗಾಲದಲ್ಲಿ ತುಂಬು ಗರ್ಭಿಣಿಯೊಬ್ಬರು ತಮ್ಮವರ ಬೆಂಗಾವಲಿನಲ್ಲಿ ಹೀಗೆಯೇ ಉಕ್ಕಿ ಹರಿಯುವ ಕೃಷ್ಣೆಯನ್ನು ಈಜಿ ಬಂದರು. ಹೆರಿಗೆಗೆ ಆಸ್ಪತ್ರೆ ಬೇಕೆಂಬುದೊಂದೇ ಅವರ ಆಸೆ. ದೇಶವಿದೇಶದ ಪತ್ರಿಕೆಗಳು ಆ ತಾಯಿಯ ಧೈರ್ಯವನ್ನು ಕೊಂಡಾಡಿದವು. ಆ ಧೈರ್ಯ ಅನಿವಾರ್ಯವಾದದ್ದು ಏಕೆ ಎಂಬ ಪ್ರಶ್ನೆ ಹೊಗಳಿಕೆಯ ನಡುವೆ ಮುಳುಗಿತು.

1982ರಲ್ಲಿ ಪೂರ್ಣಗೊಂಡ ನಾರಾಯಣಪುರದ ಬಸವಸಾಗರ ಅಣೆಕಟ್ಟಿನ ಎಡದಂಡೆ ಕಾಲುವೆ ಸುರಪುರ, ಶಹಾಪುರಗಳ ಹೊಲಗಳಿಗೆ ಹಸಿರು ತಂದಿತು. ಆ ಉಪಕಾರ ದೊಡ್ಡದು. ಆದರೆ ಅಣೆಕಟ್ಟಿನ ಗೇಟುಗಳನ್ನು ತೆರೆದು ಲಕ್ಷಗಟ್ಟಲೆ ಕ್ಯೂಸೆಕ್ ನೀರು ಬಿಟ್ಟಾಗ ಶೀಲಹಳ್ಳಿಯ ಸೇತುವೆ ಮುಳುಗುತ್ತದೆ, ಜಲದುರ್ಗದ ಕಡೆಯ ಹಳ್ಳಿಗಳು ಹತ್ತಿರದ ದಾರಿ ಕಳೆದುಕೊಳ್ಳುತ್ತವೆ. ಎಲ್ಲರ ಹೊಲಕ್ಕೂ ನೀರು ಕೊಡುವ ನದಿಯ ಭಾರವನ್ನು ಗಡ್ಡಿಯ ಕೆಲವೇ ಕುಟುಂಬಗಳು ಹೊರಬೇಕಾಗಿದೆ.

ಪ್ರವಾಸೋದ್ಯಮದ ಮಾತು ಬಂದಾಗಲೆಲ್ಲ ಜಲದುರ್ಗ, ಛಾಯಾ ಭಗವತಿ, ಬೋನಾಳಗಳ ಹೆಸರು ಕೇಳಿಬರುತ್ತವೆ. ಬರಲಿ, ಜನ ಬಂದು ನೋಡಲಿ. ಆದರೆ ಪ್ರವಾಸಿಗೆ ದಾರಿ ಮಾಡುವ ಮೊದಲು ಮಹಾಪೂರದಲ್ಲೂ ಮುಳುಗದ ಸೇತುವೆ, ಮಳೆಗಾಲಕ್ಕೆ ಮುನ್ನವೇ ಸಿದ್ಧವಿರುವ ದೋಣಿ, ಗರ್ಭಿಣಿಯರಿಗೆ ದಡದಲ್ಲೊಂದು ತಂಗುದಾಣ ಗಡ್ಡಿಯವರಿಗೆ ಸಿಗಬೇಕು. ದಡ ಸೇರಲು ಹಣವಿಲ್ಲದವರ ಧರ್ಮ ಯಾವುದೆಂದು ಸಿಸಿಲಿಯ ದೊರೆ ಲೆಕ್ಕ ಹಾಕಲಿಲ್ಲ. ಎಂಟು ಶತಮಾನದ ಹಿಂದಿನ ಅರಸನಿಗೆ ತಿಳಿದದ್ದು, ನಾವೇ ಆರಿಸಿದ ಸರಕಾರಗಳಿಗೆ ತಿಳಿಯದಷ್ಟು ಕಷ್ಟದ ಸಂಗತಿಯೇನಲ್ಲ.